ಕೈ ಹಾಕಬೇಡಿ, ಕೋಲು ಹಿಡಿಯಿರಿ

ಊರಿನಲ್ಲಿ ಬೆಳಗೆದ್ದು ಅಂಗಳ ಗುಡಿಸುವ ಹಾಗೆ, ಕೆನಡಾದ ಚಳಿಗಾಲದಲ್ಲಿ ಡ್ರೈವ್‌ವೇ ಮೇಲಿನ ಹಿಮ ತೆಗೆಯುವುದು ಮನೆಮಂದಿಯ ಕೆಲಸ. ಅಪ್ಪ ಅಮ್ಮನಿಗೆ ಸೊಂಟನೋವು ಬೇಡವೆಂದು ನೀವೇ ಎಲೆಕ್ಟ್ರಿಕ್ ಸ್ನೋ ಥ್ರೋವರ್ ಹಿಡಿದರೆ ಸಂತೋಷ. ಆದರೆ ಅದು ಪೆಟ್ರೋಲಿನ ದೊಡ್ಡ ಯಂತ್ರದಷ್ಟು ಬಲದ್ದಲ್ಲ. ಹಿಮ ಮೊಣಕಾಲೆತ್ತರ ಬೀಳುವವರೆಗೆ ಕಾಯದೆ, ನಡುನಡುವೆಯೇ ತೆಗೆಯಿರಿ. ಗಾಳಿ ಹೋಗುವ ಕಡೆಗೇ ಎಸೆಯಿರಿ, ಇಲ್ಲದಿದ್ದರೆ ಎಲ್ಲಾ ನಿಮ್ಮ ಮುಖಕ್ಕೇ! ರಸ್ತೆಯ ಪ್ಲೋ ಒಟ್ಟಿಹೋದ ಗಟ್ಟಿ ದಿಬ್ಬವನ್ನು ಮೊದಲು ಸಲಿಕೆಯಿಂದ ಒಡೆಯಿರಿ. ವೈರಿನ ಯಂತ್ರವಾದರೆ, ವೈರು ಸದಾ ನಿಮ್ಮ ಹಿಂದಿರಲಿ.

ಇನ್ನು ಮುಖ್ಯವಾದ ಮಾತು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮ, ಯಂತ್ರದ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಸ್ವಿಚ್ ಆರಿಸಿದರಷ್ಟೇ ಸಾಲದು. ಪ್ಲಗ್ ಕೀಳಿ, ಬ್ಯಾಟರಿ ಇದ್ದರೆ ಹೊರತೆಗೆಯಿರಿ. ಸಿಕ್ಕಿಕೊಂಡ ಅಲಗಿನಲ್ಲಿ ಸೆಳೆತ ಉಳಿದಿದ್ದರೆ, ಹಿಮ ಸಡಿಲವಾದೊಡನೆ ಅದು ಗಿರ್ರನೆ ತಿರುಗಬಹುದು. ಗ್ಲೌಸ್ ಬೆರಳು ಉಳಿಸುವುದಿಲ್ಲ. ಕೋಲಿನಿಂದಲೇ ಕೆರೆದು ತೆಗೆಯಿರಿ.

ಕಾಲೇಜಿಗೆ ಹತ್ತು ನಿಮಿಷ ತಡವಾಗಲಿ, ಪರವಾಗಿಲ್ಲ. ಕೀಬೋರ್ಡ್ ಒತ್ತಲು, ಅನ್ನ ಕಲಸಲು ಹತ್ತೂ ಬೆರಳು ಬೇಕಲ್ಲವೇ?