ಲಿನಕ್ಸ್ ಗಣಕವೂ ಕಿಸೆಯ ಸಂಗೀತವೂ

(ಕೂಟದ ಸಭೆಯಲ್ಲಿ ವೈದ್ಯರೊಬ್ಬರು ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯನನ್ನು ವೇದಿಕೆಗೆ ಕರೆದರೆ ಆತ ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಮಾತನಾಡುವನೆಂದು ಸಭೆ ನಿರೀಕ್ಷಿಸುವುದು ಸಹಜ. ಈ ಸಂಜೆ ನಾನು ಆರಿಸಿಕೊಂಡಿರುವ ವಿಷಯ ಬೇರೆ. ಲಿನಕ್ಸ್ ಬಳಸುವ ಮನೆಗೆ ಹೊಂದಿಕೊಳ್ಳುವ, ಬೆಲೆಯೂ ಹಗುರವಾಗಿರುವ ಒಂದು ಪುಟ್ಟ ಸಂಗೀತದ ಪ್ಲೇಯರನ್ನು ಆರಿಸುವ ಬಗೆ ಹೇಗೆ ಎಂಬುದೇ ಆ ವಿಷಯ. ಕಡೆಯಲ್ಲಿ ಕಿವಿಯ ಬಗ್ಗೆ ನಾಲ್ಕು ಮಾತು ಹೇಳಿ ವೃತ್ತಿಯ ಋಣವನ್ನೂ ತೀರಿಸುತ್ತೇನೆ.

ಈ ವಿಷಯಕ್ಕೆ ಈಗೊಂದು ಸಂದರ್ಭವಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮುಂದಿನ ಆವೃತ್ತಿಗೆ ಏರಲಾರದ, ಆದರೆ ಉಳಿದೆಲ್ಲ ವಿಧದಲ್ಲೂ ಗಟ್ಟಿಮುಟ್ಟಾಗಿರುವ ಗಣಕವನ್ನು ಬಿಸಾಡಲು ಮನಸ್ಸು ಬಾರದವರಿಗೆ ಲಿನಕ್ಸ್ ಒಳ್ಳೆಯ ಆಸರೆ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಪತ್ರ ಬರೆಯಲು, ಲೆಕ್ಕವಿಡಲು, ಅಂತರ್ಜಾಲ ನೋಡಲು ತೊಡಕಿಲ್ಲ. ತೊಡಕು ಎದುರಾಗುವುದು ಹೊರಗಿನ ಉಪಕರಣವೊಂದನ್ನು ತಂದು ಜೋಡಿಸಿದಾಗ. ಪ್ಲೇಯರಿನ ಪೆಟ್ಟಿಗೆಯ ಮೇಲೆ ವಿಂಡೋಸ್, ಮ್ಯಾಕ್ ಎಂಬ ಹೆಸರುಗಳಿರುತ್ತವೆ. ಲಿನಕ್ಸಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಮೊಬೈಲಿನಲ್ಲೇ ಎಲ್ಲ ಹಾಡುಗಳೂ ಸಿಗುವಾಗ ಬೇರೆ ಪ್ಲೇಯರ್ ಏಕೆ ಎಂದು ನೀವು ಕೇಳಬಹುದು. ಎಲ್ಲವೂ ಸಿಗುವುದಿಲ್ಲ ಎಂಬುದೇ ನನ್ನ ಉತ್ತರ. ಮದುವೆಯ ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದ, ಊರಿನ ರಾಮನವಮಿ ಕಚೇರಿ, ಇರುಳಿಡೀ ನಡೆದ ತಾಳಮದ್ದಳೆ, ಇವೆಲ್ಲ ನಮ್ಮ ಮನೆಗಳ ಹಳೆಯ ಕ್ಯಾಸೆಟ್ಟುಗಳಲ್ಲಿ ಮಾತ್ರ ಉಳಿದಿವೆ. ಯಾವ ಅಂಗಡಿಯೂ ಇವನ್ನು ಮಾರುವುದಿಲ್ಲ. ಒಮ್ಮೆ ಕಳೆದುಹೋದರೆ ಯಾರೂ ಮತ್ತೆ ತಂದುಕೊಡಲಾರರು. ಆದ್ದರಿಂದ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಇದರೊಳಗೆ ಹಾಕಿದ ಸಂಗೀತವನ್ನು ತಯಾರಕರ ಅಪ್ಪಣೆಯಿಲ್ಲದೆ ನಾನು ಹೊರತೆಗೆಯಬಲ್ಲೆನೆ?

ಪ್ಲೇಯರ್ ಮತ್ತು ಗಣಕಗಳ ನಡುವಣ ಸಂಬಂಧದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು ಅತ್ಯಂತ ಸರಳ. ತಂತಿ ಜೋಡಿಸಿದೊಡನೆ ಪ್ಲೇಯರ್ ಒಂದು ಸಾಮಾನ್ಯ ಪೆನ್ ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ. ಹಾಡಿನ ಕಡತಗಳನ್ನು ಎಳೆದು ಹಾಕಿದರೆ ಕೆಲಸ ಮುಗಿಯಿತು. ಕೈಪಿಡಿಯಲ್ಲಿ ಇದನ್ನು ಮಾಸ್ ಸ್ಟೋರೇಜ್ ಎಂದೋ ಎಂ.ಎಸ್.ಸಿ. ಎಂದೋ ಬರೆದಿರುತ್ತಾರೆ. ಇದಕ್ಕೆ ಲಿನಕ್ಸಿನಲ್ಲಿ ಯಾವ ಹೆಚ್ಚುವರಿ ತಂತ್ರಾಂಶವೂ ಬೇಡ.

ಎರಡನೆಯದು ಮೈಕ್ರೋಸಾಫ್ಟ್ ರೂಪಿಸಿದ ಎಂ.ಟಿ.ಪಿ. ಎಂಬ ಪದ್ಧತಿ. ಇಂದಿನ ಆಂಡ್ರಾಯ್ಡ್ ಫೋನುಗಳು ಗಣಕದೊಡನೆ ಮಾತನಾಡುವುದು ಹೀಗೆಯೇ. ಲಿನಕ್ಸಿನಲ್ಲಿ ಇದಕ್ಕಾಗಿ ಲಿಬ್‌ಎಂಟಿಪಿ ಎಂಬ ತಂತ್ರಾಂಶವಿದೆ. ಕೆಲಸ ನಡೆಯುತ್ತದೆ, ಆದರೆ ನೂರಾರು ಕಡತಗಳನ್ನು ಒಮ್ಮೆಲೇ ಸಾಗಿಸುವಾಗ ನಿಧಾನವಾಗುವುದೂ ನಡುವೆ ಸಂಪರ್ಕ ಕಡಿದುಹೋಗುವುದೂ ಉಂಟು.

ಮೂರನೆಯದು ತಯಾರಕರ ಸ್ವಂತ ತಂತ್ರಾಂಶವನ್ನೇ ನೆಚ್ಚಿಕೊಂಡ ಪದ್ಧತಿ. ಇದಕ್ಕೆ ಆಪಲ್ ಸಂಸ್ಥೆಯ ಐಪಾಡ್ ಪ್ರಸಿದ್ಧ ಉದಾಹರಣೆ. ಹಾಡುಗಳು ಅದರೊಳಗೆ ನಾಲ್ಕಕ್ಷರದ ಅರ್ಥವಿಲ್ಲದ ಹೆಸರು ಹೊತ್ತು ಕುಳಿತಿರುತ್ತವೆ. ಯಾವುದು ಯಾವ ಹಾಡೆಂಬುದನ್ನು ಹೇಳುವ ಸೂಚಿ ಬೇರೊಂದು ಕಡತದಲ್ಲಿರುತ್ತದೆ. ಸುಮ್ಮನೆ ಹಾಡನ್ನು ನಕಲು ಮಾಡಿ ಹಾಕಿದರೆ ಯಂತ್ರ ಅದನ್ನು ಗುರುತಿಸುವುದಿಲ್ಲ. 2007ರ ಮಾದರಿಗಳಲ್ಲಿ ಆ ಸೂಚಿಗೆ ಇನ್ನೊಂದು ಬೀಗವನ್ನೂ ಸೇರಿಸಿದಾಗ, ಲಿನಕ್ಸಿನ ಸ್ವಯಂಸೇವಕರು ಅದನ್ನು ಬಿಡಿಸುವ ದಾರಿಯನ್ನು ಬೇಗನೆ ಕಂಡುಕೊಂಡರು. 2001ರಲ್ಲಿ ಹುಟ್ಟಿದ ಐಪಾಡಿನ ತಯಾರಿಕೆ ನಿಲ್ಲುವುದೆಂದು 2022ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅದು ಸೊಗಸಾದ ಯಂತ್ರವೇ ಸರಿ. ಆದರೆ ಯಂತ್ರದ ಆಯುಷ್ಯ ಇಪ್ಪತ್ತು ವರ್ಷವಾದರೆ ಅಜ್ಜಿಯ ಹಾಡಿನ ಆಯುಷ್ಯ ಅದಕ್ಕಿಂತ ದೀರ್ಘವಾಗಿರಬೇಕಲ್ಲವೇ?

ಆದ್ದರಿಂದ ನನ್ನ ಮೊದಲ ಸಲಹೆ: ಪೆನ್ ಡ್ರೈವಿನಂತೆ ಕಾಣುವ ಪ್ಲೇಯರನ್ನೇ ಕೊಳ್ಳಿರಿ. ಎರಡನೆಯ ಸಲಹೆ: ಮೈಕ್ರೋ ಎಸ್.ಡಿ. ಕಾರ್ಡು ಹಾಕುವ ಕಿಂಡಿ ಇದೆಯೇ ನೋಡಿರಿ. ಕಿಂಡಿಯಿದ್ದರೆ ತಂತಿಯ ಗೊಡವೆಯೇ ಬೇಡ. ಕಾರ್ಡನ್ನು ಹೊರತೆಗೆದು ಗಣಕಕ್ಕೆ ಸಿಕ್ಕಿಸಿ ಹಾಡು ತುಂಬಬಹುದು. ಪ್ಲೇಯರ್ ಕೆಟ್ಟರೂ ಕಾರ್ಡು ಉಳಿಯುತ್ತದೆ. ಅಗ್ಗದ ಪ್ಲೇಯರುಗಳಲ್ಲಿ ಹಲವು ಫ್ಯಾಟ್ 32 ಎಂಬ ವಿನ್ಯಾಸವನ್ನು ಮಾತ್ರ ಓದುವುದರಿಂದ 32 ಜಿ.ಬಿ. ಕಾರ್ಡು ಕ್ಷೇಮಕರ. ಅದಕ್ಕಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಬರುತ್ತವೆ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿದ ಮೇಲೆ ಲಿನಕ್ಸಿಗೂ ಅದು ಸುಲಭವಾಗಿದೆ. ಪ್ಲೇಯರಿಗೆ ಸಾಧ್ಯವೇ ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು.

ಇನ್ನು ಕಡತದ ರೂಪಗಳ ವಿಚಾರ. ಎಂಪಿ3 ರೂಪದ ಹಕ್ಕುಸ್ವಾಮ್ಯಗಳಿಗೆ ಪರವಾನಗಿ ನೀಡುತ್ತಿದ್ದ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ಆ ವ್ಯವಸ್ಥೆಯನ್ನು ಮುಕ್ತಾಯಗೊಳಿಸಿತು. ಈಗ ಅದು ಎಲ್ಲ ಕಡೆಯೂ ನಿರಾತಂಕವಾಗಿ ನುಡಿಯುತ್ತದೆ. ಆಗ್ ವೋರ್ಬಿಸ್ ಮತ್ತು ಫ್ಲ್ಯಾಕ್ ಮೊದಲಿನಿಂದಲೂ ಮುಕ್ತ ರೂಪಗಳು. ಫ್ಲ್ಯಾಕ್‌ನ ವಿಶೇಷವೆಂದರೆ ಮೂಲಧ್ವನಿಯ ಒಂದು ಕಣವೂ ನಷ್ಟವಾಗುವುದಿಲ್ಲ. ಒಂದು ಗಂಟೆಯ ಸಿ.ಡಿ. ಸುಮಾರು 635 ಎಂ.ಬಿ. ಆಗುತ್ತದೆ, ಫ್ಲ್ಯಾಕ್ ಮಾಡಿದರೆ ಹೆಚ್ಚು ಕಡಿಮೆ ಅದರ ಅರ್ಧಕ್ಕೆ ಇಳಿಯುತ್ತದೆ. ಅದೇ ಸಂಗೀತ 192 ಕಿಲೋಬಿಟ್ ಎಂಪಿ3 ಆದರೆ ಸುಮಾರು 86 ಎಂ.ಬಿ. ಸಾಕು, 32 ಜಿ.ಬಿ. ಕಾರ್ಡಿನಲ್ಲಿ ಮುನ್ನೂರೈವತ್ತು ಗಂಟೆಗೂ ಮಿಕ್ಕಿ ಸಂಗೀತ ಹಿಡಿಯುತ್ತದೆ. ಮನೆಯ ಗಣಕದಲ್ಲಿ ಫ್ಲ್ಯಾಕ್ ರೂಪದ ಮೂಲಪ್ರತಿ, ಕಿಸೆಯಲ್ಲಿ ಎಂಪಿ3 ಅಥವಾ ಆಗ್ ರೂಪದ ನಕಲು ಎಂಬ ನಿಯಮ ಪಾಲಿಸಿದರೆ ಎರಡು ಪ್ರಯೋಜನಗಳೂ ಕೈಗೂಡುತ್ತವೆ. ಸಿ.ಡಿ.ಯಿಂದ ಇಳಿಸಲು ಅಸಂಡರ್, ಕ್ಯಾಸೆಟ್ಟಿನಿಂದ ಮುದ್ರಿಸಿಕೊಳ್ಳಲು ಆಡಾಸಿಟಿ, ಇವೆರಡೂ ಲಿನಕ್ಸಿನಲ್ಲಿ ಉಚಿತವಾಗಿ ದೊರೆಯುವ ತಂತ್ರಾಂಶಗಳು.

ನಮ್ಮ ಸಂಗೀತಕ್ಕೇ ವಿಶೇಷವಾದ ಒಂದು ಅಂಶವಿದೆ. ರಾಗ, ತಾನ, ಪಲ್ಲವಿಗಳನ್ನು ಸಿ.ಡಿ.ಯಲ್ಲಿ ಬೇರೆ ಬೇರೆ ಭಾಗಗಳಾಗಿ ಒಡೆದಿದ್ದರೂ ಹಾಡುಗಾರಿಕೆ ಒಂದೇ ಹರಿವು. ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವಾಗ ಕೆಲವು ಪ್ಲೇಯರುಗಳು ಅರೆಕ್ಷಣ ಮೌನವಾಗುತ್ತವೆ. ತಂಬೂರಿಯ ಶ್ರುತಿ ತಟ್ಟನೆ ಕಡಿದರೆ ರಸಭಂಗ. ಗ್ಯಾಪ್‌ಲೆಸ್ ಎಂಬ ಗುಣ ಇದೆಯೇ ಎಂದು ವಿಚಾರಿಸಿಯೇ ಕೊಳ್ಳಿರಿ.

ಕಡತಗಳ ಹೆಸರಿನಲ್ಲಿಯೂ ಎಚ್ಚರ ಬೇಕು. ಅನೇಕ ಚಿಕ್ಕ ಪ್ಲೇಯರುಗಳಲ್ಲಿ ಕನ್ನಡ ಲಿಪಿ ಬರಿಯ ಚೌಕಗಳಾಗಿ ಕಾಣುತ್ತದೆ. ಅಂಥಲ್ಲಿ ರೋಮನ್ ಅಕ್ಷರಗಳಲ್ಲಿ ಹೆಸರಿಡುವುದು ಅನಿವಾರ್ಯ. ಲಿನಕ್ಸಿನಲ್ಲಿ ‘ರಾಗ: ಕಲ್ಯಾಣಿ’ ಎಂದು ವಿವರಣ ಚಿಹ್ನೆಯಿಟ್ಟು ಬರೆದ ಹೆಸರನ್ನು ಕಾರ್ಡಿನ ಫ್ಯಾಟ್ ವಿನ್ಯಾಸ ಒಪ್ಪುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ನಿಷಿದ್ಧ. ಕೆಲವು ಅಗ್ಗದ ಪ್ಲೇಯರುಗಳು ಹೆಸರಿನ ಕ್ರಮವನ್ನು ಬಿಟ್ಟು, ನಕಲು ಮಾಡಿದ ಕ್ರಮದಲ್ಲೇ ಹಾಡುತ್ತವೆ. ಆಗ ಮಂಗಳದ ಹಾಡು ಮೊದಲಾಗಿ ವರ್ಣ ಕಡೆಯಾದೀತು. ಇದನ್ನು ಸರಿಪಡಿಸಲು ಫ್ಯಾಟ್‌ಸಾರ್ಟ್ ಎಂಬ ಪುಟ್ಟ ತಂತ್ರಾಂಶವಿದೆ. ಮುಖ್ಯವಾಗಿ, ನಕಲು ಮುಗಿದಂತೆ ಕಂಡರೂ ಲಿನಕ್ಸ್ ಒಳಗೊಳಗೇ ಇನ್ನೂ ಬರೆಯುತ್ತಿರಬಹುದು. ತಂತಿ ಕೀಳುವ ಮುನ್ನ ಪರದೆಯ ಮೇಲಿನ ಹೊರತೆಗೆಯುವ ಗುಂಡಿಯನ್ನು ತಪ್ಪದೆ ಒತ್ತಿರಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಎಲ್ಲಕ್ಕಿಂತ ಅಗ್ಗವಾದುದು ಮೇಜಿನ ಖಾನೆಯಲ್ಲಿ ಮಲಗಿರುವ ಹಳೆಯ ಆಂಡ್ರಾಯ್ಡ್ ಫೋನು. ಕಾರ್ಡಿನ ಕಿಂಡಿ ಮತ್ತು ಹೆಡ್‌ಫೋನಿನ ತೂತು ಇದ್ದರೆ ಸಾಕು, ವಿ.ಎಲ್.ಸಿ. ತಂತ್ರಾಂಶ ಹಾಕಿ, ಸಂಪರ್ಕಗಳನ್ನೆಲ್ಲ ಮುಚ್ಚಿ, ಅದನ್ನು ಸಂಗೀತಕ್ಕೇ ಮೀಸಲಿಡಬಹುದು. ಹೆಚ್ಚಿನ ಫೋನುಗಳಲ್ಲಿ ಕನ್ನಡ ಲಿಪಿಯೂ ಅಂದವಾಗಿ ಕಾಣುತ್ತದೆ. ಗುಂಡಿಗಳಿರುವ ಪುಟ್ಟ ಯಂತ್ರವೇ ಬೇಕೆನ್ನುವವರಿಗೆ ಸ್ಯಾನ್‌ಡಿಸ್ಕ್ ಸಂಸ್ಥೆಯ 2009ರ ಸಾನ್ಸಾ ಕ್ಲಿಪ್ ಪ್ಲಸ್ ಮತ್ತು 2011ರ ಕ್ಲಿಪ್ ಜಿಪ್ ಇಂದಿಗೂ ಮಾದರಿಗಳು. ಈಗ ಅವು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಷ್ಟೇ ಸಿಗುತ್ತವೆ. ಕೊಳ್ಳುವಾಗ ಬ್ಯಾಟರಿಯ ಸ್ಥಿತಿಯನ್ನು ಪರೀಕ್ಷಿಸಬೇಕು. ಇವುಗಳ ಮೇಲೆ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ ನಡೆಯುತ್ತದೆ. 2001ರಲ್ಲಿ ಸ್ವೀಡನ್ನಿನ ತಂತ್ರಜ್ಞರು ಆರಂಭಿಸಿದ ಇದು ಫ್ಲ್ಯಾಕ್ ಮತ್ತು ಆಗ್ ರೂಪಗಳನ್ನು ಹಾಡುತ್ತದೆ, ಶ್ರುತಿ ಕಡಿಯದೆ ದಾಟುತ್ತದೆ. ದೃಷ್ಟಿ ಮಂದವಾದವರಿಗಾಗಿ ಆಯ್ಕೆಪಟ್ಟಿಯನ್ನು ಗಟ್ಟಿಯಾಗಿ ಓದಿಯೂ ಹೇಳಬಲ್ಲದು. ಹೊಸತನ್ನೇ ಕೊಳ್ಳುವವರು ನಾನು ಹೇಳಿದ ಗುಣಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಲಿ. ಹಿಂದಿರುಗಿಸುವ ಅವಕಾಶವಿರುವ ಕಡೆಯಲ್ಲೇ ಕೊಳ್ಳಲಿ.

ಇನ್ನು ಕಿವಿಯ ಮಾತು. ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಳವರೆಗೆ ಕೇಳುವುದು ಕ್ಷೇಮ. ಮಕ್ಕಳಿಗೆ ಅಷ್ಟೇ ಕಾಲಕ್ಕೆ 75 ಡೆಸಿಬೆಲ್. ಶಬ್ದ ಪ್ರತಿ 3 ಡೆಸಿಬೆಲ್ ಏರಿದಂತೆ ಕ್ಷೇಮದ ಅವಧಿ ಅರ್ಧಕ್ಕಿಳಿಯುತ್ತದೆ. 92 ಡೆಸಿಬೆಲ್ ತಲುಪಿದರೆ ವಾರಕ್ಕೆ ಎರಡೂವರೆ ಗಂಟೆಯೇ ಮಿತಿ. ರೈಲಿನಲ್ಲಿ, ವಿಮಾನದಲ್ಲಿ ಸುತ್ತಲಿನ ಗದ್ದಲವನ್ನು ಮೀರಿಸಲು ನಾವು ಧ್ವನಿಯನ್ನು ಏರಿಸುತ್ತೇವೆ. ಅದರ ಬದಲು ಕಿವಿಯನ್ನು ಚೆನ್ನಾಗಿ ಮುಚ್ಚುವ ಇಯರ್‌ಫೋನಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಲೇಸು. ಧ್ವನಿಗೆ ಗರಿಷ್ಠ ಮಿತಿ ಹಾಕುವ ಸೌಲಭ್ಯ ರಾಕ್‌ಬಾಕ್ಸಿನಲ್ಲಿದೆ. ಮಕ್ಕಳ ಕೈಗೆ ಕೊಡುವ ಮುನ್ನ ಅದನ್ನು ಬಳಸಿರಿ.

ಕಡೆಯದಾಗಿ ಒಂದು ಬಿನ್ನಹ. ಕ್ಯಾಸೆಟ್ಟಿನ ಕಾಂತಪಟ್ಟಿ ವರ್ಷ ಕಳೆದಂತೆ ಸವೆಯುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಪ್ಲೇಯರ್ ಕೊಳ್ಳುವುದನ್ನು ಮುಂದಿನ ತಿಂಗಳಿಗೆ ಬೇಕಾದರೆ ಹಾಕಿರಿ. ಮನೆಯ ಹಿರಿಯರ ಧ್ವನಿಯಿರುವ ಸುರುಳಿಗಳನ್ನು ಮಾತ್ರ ಈ ವಾರಾಂತ್ಯವೇ ಗಣಕಕ್ಕೆ ಇಳಿಸಿಕೊಳ್ಳಿರಿ. ಮುಕ್ತ ರೂಪದಲ್ಲಿ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕಳುಹಿಸಿರಿ.