ಮಾಸ್ಕ್ ಹೋದರೆ ಉಸಿರು ಹೋಗದು



ಕಡಲು ಕಾಣದ ಸೀಮೆಯವನು ಕಡಲಾಳದ ಮಾತನಾಡಲು ಹೊರಟರೆ ನಿಮಗೆ ನಗು ಬಂದೀತು. ನನ್ನ ಹುಟ್ಟೂರು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ರಾಗಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ಬಯಲು ನಾಡು. ಅಲ್ಲಿಂದ ಅರಬ್ಬೀ ಸಮುದ್ರ ನೋಡಬೇಕಾದರೆ ಒಂದು ರಾತ್ರಿಯ ಬಸ್ ಪ್ರಯಾಣ. ಆದರೂ ಈ ವಿಷಯ ಈಗ ನಮ್ಮ ಸೀಮೆಯವರಿಗೇ ಹೆಚ್ಚು ಬೇಕಾಗಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಬೆಳಿಗ್ಗೆ ಮುರ್ಡೇಶ್ವರ ಸೇರಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿದು ಬರುವ ತರುಣ ತರುಣಿಯರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಇದನ್ನೇ ಸ್ಕೂಬಾ ಡೈವಿಂಗ್ ಎನ್ನುತ್ತೇವೆ.

ಕಳೆದ ಯುಗಾದಿಗೆ ಊರಿಗೆ ಹೋದಾಗ ನನ್ನ ಅಕ್ಕನ ಮಗ ಇದೇ ಹುಮ್ಮಸ್ಸಿನಲ್ಲಿದ್ದ. ಸ್ನೇಹಿತರೊಡನೆ ನೇತ್ರಾಣಿಗೆ ಹೊರಡುವವನಿದ್ದ. ಹೋಳಿಗೆ ಊಟ ಮುಗಿಸಿ ಜಗಲಿಯ ಮೇಲೆ ಕುಳಿತಾಗ, ತಾಯಿಗೆ ಕೇಳಿಸದ ಹಾಗೆ ಮೆಲ್ಲನೆ ಕೇಳಿದ: “ಮಾವ, ನೀರ್ ಒಳಗಡೆ ಮಾಸ್ಕ್ ಕಿತ್ಕೊಂಡ್ ಹೋದ್ರೆ ಏನ್ ಗತಿ?” ಅವನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಉತ್ತರ ನನಗೆ ದೊರೆತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಕರಾವಳಿಯ ಬಗೆಗಿನ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಹೋದವನು, ನೋಡಿಯೇ ಬಿಡೋಣವೆಂದು ನಾನೂ ನೀರಿಗಿಳಿದಿದ್ದೆ. ಸುಮಾರು ಎಂಟು ಮೀಟರ್ ಆಳ. ಬಂಡೆಯ ಪಕ್ಕದಲ್ಲಿ ಹಳದಿ ಮೀನುಗಳ ಹಿಂಡು. ನನ್ನ ಮುಂದೆ ಈಜುತ್ತಿದ್ದವರೊಬ್ಬರು ಅದನ್ನು ನೋಡಲು ತಟ್ಟನೆ ಹೊರಳಿದರು. ಅವರ ಕಾಲಿಗೆ ತೊಟ್ಟ ರಬ್ಬರಿನ ಈಜುರೆಕ್ಕೆ ನನ್ನ ಮುಖಕ್ಕೆ ಬಡಿಯಿತು. ಮಾಸ್ಕ್ ಕಳಚಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮೂಗಿಗೆ ಉಪ್ಪುನೀರು ನುಗ್ಗಿತು. ಗಂಟಲು ತಾನಾಗಿ ಮುಚ್ಚಿಕೊಂಡಿತು. ಗಾಳಿ ಕೊಡುವ ರೆಗ್ಯುಲೇಟರ್ ಬಾಯಲ್ಲಿಯೇ ಇತ್ತು, ಸಿಲಿಂಡರಿನಲ್ಲಿ ಬೇಕಾದಷ್ಟು ಗಾಳಿಯಿತ್ತು. ಆದರೂ ನಾನು ಉಸಿರಾಡುತ್ತಿರಲಿಲ್ಲ. ಕಾಲುಗಳು ಮೇಲಕ್ಕೇರಲು ಒದೆಯತೊಡಗಿದವು. ಅಷ್ಟರಲ್ಲಿ ತರಬೇತುದಾರರು ಒಂದು ಕೈಯಿಂದ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದರು. ಇನ್ನೊಂದು ಕೈಯನ್ನು ರೆಗ್ಯುಲೇಟರಿನ ಮೇಲಿಟ್ಟು, ಅದು ಬಾಯಿಂದ ಜಾರದಂತೆ ಒತ್ತಿದರು. ಎಳೆಯಲಿಲ್ಲ, ಅಲುಗಿಸಲಿಲ್ಲ, ಸುಮ್ಮನೆ ಹಿಡಿದು ನಿಂತರು. ನನಗೆ ಕಂಡದ್ದು ನೀಲಿ ಮಸುಕಿನಲ್ಲಿ ಒಂದು ಕಪ್ಪು ಆಕಾರ ಮಾತ್ರ.

ಆ ಮಸುಕು ನನಗೆ ಹೊಸದಲ್ಲ. ಅದನ್ನು ನಾನು ಮೊದಲು ಕಂಡದ್ದು ಜಡಿಗೇನಹಳ್ಳಿಯ ನಮ್ಮ ತೋಟದ ಬಾವಿಯಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಚಿಕ್ಕಪ್ಪ ನನ್ನನ್ನು ನೀರಿಗೆ ಬಿಡುತ್ತಿದ್ದರು. ನಾನು ಕಣ್ಣು ಬಿಗಿದು ಕೈಕಾಲು ಬಡಿಯುತ್ತಿದ್ದೆ. “ಕಣ್ ಬುಡ್ಲಾ, ನೀರೇನು ಕಣ್ಣ ಕಿತ್ಕೊಂಡ್ ಹೋಗಲ್ಲ. ಮೂಗಲ್ಲಿ ಗಾಳಿ ಬುಡು” ಎಂದು ಅವರು ಬಾವಿಯ ಮೆಟ್ಟಿಲ ಮೇಲಿಂದ ಕೂಗುತ್ತಿದ್ದರು. ಸಮುದ್ರದೊಳಗೆ ಆ ಮಾತು ನೆನಪಾಯಿತೆಂದು ಹೇಳಿದರೆ ಕಥೆಯಾದೀತು. ನೆನಪಾದದ್ದು ನನಗಲ್ಲ, ನನ್ನ ಮೂಗಿಗೆ. ಅದು ತಾನಾಗಿ ಗುಳ್ಳೆ ಬಿಟ್ಟಿತು. ಗಂಟಲು ಸಡಿಲವಾಯಿತು. ಬಾಯಿಂದ ಒಂದು ಉಸಿರು ಬಂತು, ಮತ್ತೊಂದು ಬಂತು. ತರಬೇತುದಾರರು ತಮ್ಮ ಜೇಬಿನಿಂದ ಬೇರೊಂದು ಮಾಸ್ಕ್ ತೆಗೆದು ನನ್ನ ಕೈಗಿಟ್ಟರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಾರದು.

ಮಾಸ್ಕ್ ಹೋದಾಗ ನಾವು ಕಳೆದುಕೊಳ್ಳುವುದು ಏನನ್ನು? ಬಿ.ಎಸ್ಸಿ. ಓದುವಾಗ ವಕ್ರೀಭವನದ ಪ್ರಶ್ನೆಗೆ ಉತ್ತರ ಬರೆದು ಅಂಕ ಪಡೆದು ಮರೆತಿದ್ದೆ. ಕಡಲಿನಿಂದ ಬಂದ ಮೇಲೆ ಮತ್ತೆ ಓದಿದೆ. ಬೆಳಕನ್ನು ಬಾಗಿಸಿ ಕಣ್ಣಿನ ಹಿಂಬದಿಯ ಪರದೆಯ ಮೇಲೆ ಕೂಡಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಮಾಡುವುದು ಒಳಗಿನ ಮಸೂರವಲ್ಲ, ಹೊರಗಿನ ಪಾರದರ್ಶಕ ಪಟಲವಾದ ಕಾರ್ನಿಯಾ. ಅದರ ಎದುರಿಗೆ ಗಾಳಿ ಇದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಕಾರ್ನಿಯದ ಸೂಚ್ಯಂಕ ಅದಕ್ಕೆ ಬಹಳ ಹತ್ತಿರ. ಆದ್ದರಿಂದ ನೀರು ನೇರವಾಗಿ ತಾಗಿದೊಡನೆ ಬೆಳಕು ಹೆಚ್ಚು ಬಾಗದೆ ಒಳಹೋಗುತ್ತದೆ, ನೋಟ ಮಸುಕಾಗುತ್ತದೆ. ಮಾಸ್ಕ್ ಮಾಡುವುದು ಇಷ್ಟೇ: ಕಣ್ಣಿನೆದುರು ಒಂದು ಹಿಡಿ ಗಾಳಿಯನ್ನು ಕಾದಿಡುತ್ತದೆ. ಅದರೊಳಗಿನಿಂದ ನೋಡಿದಾಗ ನಾಲ್ಕು ಮೀಟರ್ ದೂರದ ಮೀನು ಮೂರೇ ಮೀಟರಿನಲ್ಲಿ ಇದ್ದಂತೆ, ಮೂರನೇ ಒಂದು ಪಾಲು ದೊಡ್ಡದಾಗಿಯೂ ಕಾಣುತ್ತದೆ.

ಹೀಗಾಗಿ ಮಾಸ್ಕ್ ಹೋದರೆ ಹೋಗುವುದು ನೋಟದ ಸ್ಪಷ್ಟತೆಯೇ ಹೊರತು ನೋಟವಲ್ಲ. ಬೆಳಕು ಯಾವ ಕಡೆಯಿದೆ, ಜೊತೆಗಾರ ಎಲ್ಲಿದ್ದಾನೆ, ಗುಳ್ಳೆಗಳು ಎತ್ತ ಏರುತ್ತಿವೆ ಎಂಬುದು ಬರಿಗಣ್ಣಿಗೂ ಕಾಣುತ್ತದೆ. ಶಂಕರ್ ನಾಗ್ ನಿರ್ದೇಶಿಸಿದ 1987ರ ‘ಒಂದು ಮುತ್ತಿನ ಕಥೆ’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರದು ಮುತ್ತು ಹೆಕ್ಕುವವನ ಪಾತ್ರ. ಮನ್ನಾರ್ ಕೊಲ್ಲಿಯಲ್ಲಿ ನಿಜವಾಗಿ ಈ ಕಸುಬು ಮಾಡಿದವರು ಶತಮಾನಗಳ ಕಾಲ ಬರಿಗಣ್ಣಿನಲ್ಲೇ ಮುಳುಗಿ ಚಿಪ್ಪು ಹುಡುಕಿದವರು. ಕಡಲ ನೀರು ಕಣ್ಣಿಗೆ ಚುರುಗುಟ್ಟುತ್ತದೆ, ನಿಜ. ಆದರೆ ಆ ಉರಿ ಸ್ವಲ್ಪ ಹೊತ್ತಿನದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರು ಮಾತ್ರ ಕಣ್ಣನ್ನು ಬಹುಮಟ್ಟಿಗೆ ಮುಚ್ಚಿಕೊಂಡಿರಬೇಕು, ಇಲ್ಲವಾದರೆ ಲೆನ್ಸ್ ತೇಲಿಹೋಗುತ್ತದೆ.

ನಿಜವಾದ ಅಪಾಯ ಇರುವುದು ಗಾಬರಿಯಲ್ಲಿ. ಗಾಬರಿಯಾದವನು ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತಾನೆ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಹತ್ತು ಮೀಟರಿನಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿ ಶ್ವಾಸಕೋಶದ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಿ ಹಿಗ್ಗಲು ನೋಡುತ್ತದೆ. ಹೊರಹೋಗಲು ದಾರಿ ಬಿಡದಿದ್ದರೆ ಶ್ವಾಸಕೋಶ ಹರಿಯಬಹುದು, ಗಾಳಿಯ ಗುಳ್ಳೆ ರಕ್ತ ಸೇರಬಹುದು, ಪ್ರಾಣಕ್ಕೇ ಸಂಚಕಾರ ಬರಬಹುದು. ಬರಿ ಉಸಿರು ಕಟ್ಟಿ ಮುಳುಗುವವನು ಎಳೆದುಕೊಳ್ಳುವುದು ಮೇಲಿನ ಗಾಳಿಯನ್ನು. ಸಿಲಿಂಡರಿನಿಂದ ಆಳದಲ್ಲಿ ಉಸಿರಾಡಿದವನಿಗೆ ಮಾತ್ರ ಈ ಅಪಾಯ. ಆದ್ದರಿಂದಲೇ ಸ್ಕೂಬಾದ ಮೊದಲ ನಿಯಮ: ಉಸಿರನ್ನು ಎಂದಿಗೂ ಕಟ್ಟಬಾರದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ನಿಲ್ಲಿ. ರೆಗ್ಯುಲೇಟರನ್ನು ಹಲ್ಲಿನಲ್ಲಿ ಕಚ್ಚಿ, ಒಂದು ಕೈಯನ್ನು ಅದರ ಮೇಲಿಡಿ. ಬಾಯಿಂದ ನಿಧಾನವಾಗಿ ಒಳಗೆಳೆದು, ಮೂಗಿನಿಂದ ಹೊರಬಿಡಿ. ಬಾಯಿಯ ಮೇಲ್ಭಾಗದಲ್ಲಿ, ಹಿಂದುಗಡೆ, ಮೃದು ಅಂಗುಳ ಎಂಬ ಪರದೆಯಿದೆ. ಮೂಗಿನ ದಾರಿಯನ್ನೂ ಬಾಯಿಯ ದಾರಿಯನ್ನೂ ಬೇರ್ಪಡಿಸುವುದು ಅದೇ. ಅಭ್ಯಾಸವಿಲ್ಲದವರಿಗೆ ಅದು ಕೈಕೊಟ್ಟರೆ ಎರಡು ಬೆರಳಿನಿಂದ ಮೂಗು ಹಿಡಿದುಕೊಳ್ಳಿ. ಅದರಲ್ಲಿ ನಾಚಿಕೆಯಿಲ್ಲ.

ಎರಡನೆಯದಾಗಿ, ತಡವಿ ನೋಡಿ. ಮಾಸ್ಕ್ ಎಷ್ಟೋ ವೇಳೆ ಹಣೆಯ ಮೇಲೋ ಕೊರಳಿನಲ್ಲೋ ಸಿಕ್ಕಿಕೊಂಡಿರುತ್ತದೆ. ಬಿದ್ದುಹೋಗಿದ್ದರೆ ಅದನ್ನು ಅರಸಿಕೊಂಡು ತಳಕ್ಕೆ ಹೋಗಬೇಡಿ. ಅಂಗೈಯನ್ನು ಮಟ್ಟಸವಾಗಿ ಹಿಡಿದು ಆಚೆ ಈಚೆ ಓಲಾಡಿಸಿದರೆ ‘ತೊಂದರೆಯಾಗಿದೆ’ ಎಂದು ಅರ್ಥ. ಬಳಿಕ ಕಣ್ಣನ್ನು ತೋರಿಸಿ, ಜೊತೆಗಾರನ ತೋಳು ಹಿಡಿಯಿರಿ. ಹೆಬ್ಬೆರಳನ್ನು ಮೇಲೆತ್ತಿ ‘ಚೆನ್ನಾಗಿದ್ದೇನೆ’ ಎನ್ನಲು ಹೋಗಬೇಡಿ. ನೀರೊಳಗಿನ ಭಾಷೆಯಲ್ಲಿ ಅದಕ್ಕೆ ‘ಮೇಲೆ ಹೋಗೋಣ’ ಎಂದರ್ಥ.

ಮಾಸ್ಕ್ ಸಿಕ್ಕಿದರೆ ಮುಖಕ್ಕೆ ಹಾಕಿ, ಅಂಚಿಗೆ ಸಿಕ್ಕ ಕೂದಲನ್ನು ಸರಿಸಿ, ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ಸ್ವಲ್ಪ ಮೇಲೆತ್ತಿ ಮೂಗಿನಿಂದ ಗಾಳಿ ಬಿಡಿ. ಗಾಳಿ ಹಗುರ, ಅದು ಮೇಲೆ ಸೇರಿ ನೀರನ್ನು ಕೆಳಂಚಿನಿಂದ ಹೊರದೂಡುತ್ತದೆ. ಸಿಗದೇ ಹೋದರೆ ಜೊತೆಗಾರನನ್ನು ಹಿಡಿದುಕೊಂಡೇ ಮೇಲೇರಿ. ಆಳದ ಅಳತೆಯನ್ನು ಅವನು ನೋಡಿಕೊಳ್ಳಲಿ. ಒಂದು ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಹೆಚ್ಚು ಏರಬಾರದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಂಗಿ ಏರುವುದು ಕ್ಷೇಮ. ಲಂಗರಿನ ಹಗ್ಗ ಹತ್ತಿರವಿದ್ದರೆ ಅದೇ ದಾರಿ. ಅಳತೆಯನ್ನು ನೀವೇ ಓದಬೇಕಾಗಿ ಬಂದರೆ, ಅಂಗೈಯನ್ನು ಹುಬ್ಬಿನ ಮೇಲೆ ಬೋಗುಣಿಯಂತೆ ಹಿಡಿದು, ಬಿಟ್ಟ ಉಸಿರಿನ ಗುಳ್ಳೆಯನ್ನು ಕಣ್ಣಿನೆದುರು ತಡೆದರೆ ಒಂದು ಕ್ಷಣ ಅಂಕಿ ಕಾಣುತ್ತದೆ.

ಇನ್ನು, ಮಾಸ್ಕ್ ಹೋಗದಂತೆ ನೋಡಿಕೊಳ್ಳುವುದೂ ಒಂದು ವಿದ್ಯೆ. ನೀರಿನ ಮೇಲೆ ಬಂದಾಗ ಅದನ್ನು ಹಣೆಗೆ ಏರಿಸಬೇಡಿ, ಒಂದು ಅಲೆ ಸಾಕು ಕಿತ್ತೊಯ್ಯಲು. ಕೊರಳಿಗೆ ಇಳಿಸಿಕೊಳ್ಳಿ. ಪಟ್ಟಿ ಬಿರಿದಿದೆಯೇ ಎಂದು ದಡದಲ್ಲೇ ಎಳೆದು ನೋಡಿ. ಮುಂದಿರುವವರ ಕಾಲಿನಿಂದ ದೂರವಿರಿ. ಈಜುಕೊಳದ ಕನ್ನಡಕ ಇಲ್ಲಿ ಸಲ್ಲದು. ಅದು ಮೂಗನ್ನು ಹೊರಗೆ ಬಿಡುವುದರಿಂದ ಒಳಗಿನ ಒತ್ತಡವನ್ನು ಸರಿದೂಗಿಸಲು ಬಾರದೆ ಕಣ್ಣಿಗೆ ಘಾಸಿಯಾಗುತ್ತದೆ. ಮೀಸೆಯುಳ್ಳ ಮಹನೀಯರು ಮೂಗಿನ ಕೆಳಗೆ ತುಸು ಕತ್ತರಿಸಿಕೊಂಡರೆ ನೀರು ಸೋರುವುದು ಕಡಿಮೆಯಾಗುತ್ತದೆ.

1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಬೇಕಾದಾಗ ಬೇಕಾದಷ್ಟೇ ಗಾಳಿ ಕೊಡುವ ಉಪಕರಣವನ್ನು ರೂಪಿಸಿದ ಮೇಲೆ ಕಡಲಾಳ ಸಾಮಾನ್ಯರಿಗೂ ತೆರೆಯಿತು. ಆದರೆ ಯಂತ್ರ ಗಾಳಿ ಕೊಟ್ಟೀತು, ಧೈರ್ಯ ಕೊಡಲಾರದು. ಧೈರ್ಯ ಬರುವುದು ಅಭ್ಯಾಸದಿಂದ. ಪೂರ್ಣ ತರಬೇತಿಯಲ್ಲಿ ಮಾಸ್ಕ್ ಇಲ್ಲದೆ ಕನಿಷ್ಠ ಒಂದು ನಿಮಿಷ ನೀರೊಳಗೆ ಉಸಿರಾಡಿ ತೋರಿಸಬೇಕು. ಒಂದೇ ದಿನದ ಪ್ರವಾಸದಲ್ಲಿ ಹೋಗುವವರಿಗೆ ಅಷ್ಟು ಅವಕಾಶ ಸಿಗುವುದಿಲ್ಲ. ಆದ್ದರಿಂದ ನೀವೇ ಬಾಯಿಬಿಟ್ಟು ಕೇಳಿ: “ಆಳಕ್ಕೆ ಹೋಗುವ ಮೊದಲು, ಸೊಂಟದ ಮಟ್ಟದ ನೀರಿನಲ್ಲಿ ಇದನ್ನು ಮಾಡಿಸಿ.” ಹೊತ್ತಾಯಿತು ಎಂದು ಅವರು ಅವಸರ ಮಾಡಿದರೆ, ಹಣ ಹೋದರೂ ಚಿಂತೆಯಿಲ್ಲ, ದೋಣಿಯಲ್ಲೇ ಕುಳಿತು ಬನ್ನಿ.

ಮನೆಯಲ್ಲೂ ಮೊದಲ ಪಾಠ ಮಾಡಬಹುದು. ಅಗಲವಾದ ಬೇಸಿನ್ನಿಗೆ ನೀರು ತುಂಬಿ, ಸ್ನಾರ್ಕೆಲ್ ಎಂಬ ಬಾಗಿದ ಉಸಿರ್ಕೊಳವೆಯನ್ನು ಬಾಯಲ್ಲಿಟ್ಟು, ಮೂಗು ಕಣ್ಣು ಮುಳುಗುವಂತೆ ಮುಖವನ್ನಿಟ್ಟು ಬಾಯಿಂದ ಉಸಿರಾಡಿ. ಪಕ್ಕದಲ್ಲಿ ಒಬ್ಬರು ಇರಲಿ. ಮೊದಲ ಸಲ ಐದು ಎಣಿಸುವಷ್ಟರಲ್ಲಿ ತಲೆ ಎತ್ತುತ್ತೀರಿ. ದಿನ ಕಳೆದಂತೆ ಮೂಗು ಸುಮ್ಮನಿರಲು ಕಲಿಯುತ್ತದೆ.

ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಹಿತ್ತಿಲಲ್ಲಿ ಬೇಸಿನ್ ಇಟ್ಟುಕೊಂಡ. ಮೂರು ಎಣಿಸುವುದರೊಳಗೆ ಕೆಮ್ಮುತ್ತಾ ಎದ್ದ. ಅವನ ತಪ್ಪಲ್ಲ. ನನಗೆ ಈಜು ಕಲಿಸಿದ ಬಾವಿ ಕೊಳವೆಬಾವಿಗಳು ಬಂದ ಮೇಲೆ ಬತ್ತಿಹೋಗಿದೆ, ಅದರೊಳಗೆ ಈಗ ಮುಳ್ಳುಗಿಡ ಬೆಳೆದಿದೆ. ತಲೆ ಮುಳುಗುವಷ್ಟು ನೀರನ್ನು ಅವನು ಹುಟ್ಟಿದಾಗಿನಿಂದ ಹೊಕ್ಕಿದ್ದಿಲ್ಲ. ಮೊದಲ ಬಾರಿಗೆ ಹೊಗಲು ಹೊರಟದ್ದು ನೇರವಾಗಿ ಸಮುದ್ರವನ್ನು. ಅಷ್ಟರಲ್ಲಿ ಅಕ್ಕ ಹೊರಗೆ ಬಂದು, ಒದ್ದೆ ಮುಖದ ಮಗನನ್ನೂ ನನ್ನನ್ನೂ ನೋಡಿ, “ಏನ್ ಕಲಿಸ್ತಾ ಇದ್ದೀಯೋ ಇವನಿಗೆ?” ಎಂದಳು. ಎಲ್ಲವನ್ನೂ ಹೇಳಿದೆ. ಅವಳು ಬೇಡ ಎನ್ನಲಿಲ್ಲ. “ಮೊದ್ಲು ಈಜು ಕಲೀಲಿ, ಆಮೇಲೆ ಹೋಗ್ಲಿ” ಎಂದಳು.

ಅವನು ಪ್ರವಾಸವನ್ನು ಮಳೆಗಾಲದ ಆಚೆಗೆ ಮುಂದೂಡಿದ್ದಾನೆ. ಮಳೆಗಾಲದಲ್ಲಿ ಹೇಗಿದ್ದರೂ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಭಾನುವಾರಗಳಂದು ಬೆಂಗಳೂರಿನ ಒಂದು ಈಜುಕೊಳಕ್ಕೆ ಹೋಗುತ್ತಿದ್ದಾನೆ. ಮೊನ್ನೆ ದೂರವಾಣಿಯಲ್ಲಿ, “ಮಾವ, ನಲವತ್ತು ಎಣಿಸ್ದೆ” ಎಂದ. ಅರವತ್ತಾಗಲಿ, ಆಗ ಹೊರಡು ಎಂದಿದ್ದೇನೆ. ಕಡಲಿಗೆ ಹೊರಟ ನಿಮ್ಮ ಮನೆಯ ಮಕ್ಕಳಿಗೂ ಅದೇ ಮಾತನ್ನು ಹೇಳಿ.