ಕಸ ಸಾಗಣೆ ವಾಹನಕ್ಕೆ ಹೆಚ್ಚುವರಿ ಹಿಂಬದಿ ದೀಪ



ಕಸ ಸಾಗಣೆ ವಾಹನದ ಹಿಂಬದಿ ದೀಪಗಳು ಕೆಸರಿನಿಂದಲೋ ಜೋತುಬಿದ್ದ ಚೀಲಗಳಿಂದಲೋ ಮುಚ್ಚಿಹೋಗುತ್ತವೆ. ಮನೆಮನೆಗೂ ನಿಲ್ಲುವ ವಾಹನವು ಬ್ರೇಕ್ ಹಾಕಿದ್ದು ಮುಂಜಾನೆಯ ಮಂಜಿನಲ್ಲಿ ಹಿಂದೆ ಬರುವ ಬೈಕ್ ಸವಾರನಿಗೆ ತಿಳಿಯುವುದೇ ಇಲ್ಲ. ಆದುದರಿಂದ ಬಾಡಿಯ ಮೇಲ್ಭಾಗದಲ್ಲಿ ಎರಡು ಕೆಂಪು ಬ್ರೇಕ್ ದೀಪಗಳ ಅಳವಡಿಕೆ ಅವಶ್ಯಕ.

ಹಳೆಯ ತಂತಿಗೇ ಹೊಸ ತಂತಿ ಸುತ್ತಿ ಟೇಪು ಹಚ್ಚುವುದು ರೂಢಿ, ಅದು ತಪ್ಪು. 21 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 3.5 ಆಂಪಿಯರ್ ಎಳೆಯುತ್ತವೆ. ಆ ಭಾರಕ್ಕೆ ಹಳೆಯ ಫ್ಯೂಸು ಹೋದಲ್ಲಿ ಮೂಲ ದೀಪಗಳೂ ಆರುತ್ತವೆ. ಬ್ಯಾಟರಿಯಿಂದ, ಅದರ ಸಮೀಪದಲ್ಲೇ ಪ್ರತ್ಯೇಕ ಫ್ಯೂಸು ಇರಿಸಿ, ರಿಲೇ ಮೂಲಕ ವಿದ್ಯುತ್ ಒದಗಿಸತಕ್ಕದ್ದು. ಹಳೆಯ ತಂತಿಯು ರಿಲೇಗೆ ಸಂಜ್ಞೆಯನ್ನಷ್ಟೇ ನೀಡಲಿ. ಅರ್ಥಿಂಗ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಬೇಕು. ತುಕ್ಕಿನ ಮೇಲೆ ಬಿಗಿದ ದೀಪ ಮಿಣುಕುತ್ತದೆ.

ಬಿಲ್ಲು ಪಾವತಿಗೆ ಮುನ್ನ ಸದಸ್ಯರೊಬ್ಬರು ಕಸ ತುಂಬಿದ ವಾಹನದ ಹಿಂದೆ ನಿಂತು, ಚಾಲಕರಿಂದ ಬ್ರೇಕ್ ಒತ್ತಿಸಿ ಪರಿಶೀಲಿಸುವುದು.